ಡೋಜೊ, ದೋಜಾಂಗ್‌ಗೆ ಸೇರುವ ಮುನ್ನ: ಬೆಲ್ಟು, ತಲೆಬಾಗುವಿಕೆ, ಹಿರಿಯ-ಕಿರಿಯರ ಲೆಕ್ಕ

ಮಕ್ಕಳನ್ನು ಕರಾಟೆಗೋ ಟೇಕ್ವಾಂಡೊಗೋ ಸೇರಿಸುವವರು ಬೀದಿಗೊಬ್ಬರು ಸಿಗುತ್ತಾರೆ. ಮೂವತ್ತು ದಾಟಿದ ಮೇಲೆ ತಾವೇ ಸೇರುವವರೂ ಇದ್ದಾರೆ. ಕೆಲಸಕ್ಕೆಂದು ಕೊರಿಯಾದ ಸೋಲ್‌ಗೋ ಜಪಾನಿನ ಟೋಕಿಯೊಗೋ ಹೋದ ನಮ್ಮವರು ಅಲ್ಲಿನ ಪಕ್ಕದ ಬೀದಿಯ ಕ್ಲಾಸಿಗೆ ಹೋಗುವುದೂ ಉಂಟು. ಕಲಿಯುವ ಈ ಜಾಗವನ್ನು ಜಪಾನಿಗರು ಡೋಜೊ ಅನ್ನುತ್ತಾರೆ, ಕೊರಿಯನ್ನರು ದೋಜಾಂಗ್. ಎಲ್ಲರನ್ನೂ ಮೊದಲ ವಾರ ಕಾಡುವುದು ಒದೆತ, ಪಟ್ಟುಗಳಲ್ಲ. ಎಲ್ಲಿ ನಿಲ್ಲಬೇಕು, ಯಾರಿಗೆ ಯಾವಾಗ ತಲೆಬಾಗಬೇಕು, ನನಗಿಂತ ಹತ್ತು ವರ್ಷ ಚಿಕ್ಕವನಾದ ಆ ಕಂದು ಬೆಲ್ಟಿನ ಹುಡುಗನನ್ನು ಏನೆಂದು ಕರೆಯಬೇಕು ಅನ್ನುವ ಸಣ್ಣಪುಟ್ಟ ಪ್ರಶ್ನೆಗಳು. ಇವನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಪಕ್ಕದವರನ್ನು ನೋಡಿ ಕಲಿಯಬೇಕು ಅನ್ನುವುದೇ ಅಲ್ಲಿನ ಪದ್ಧತಿ. ಸ್ವಲ್ಪ ಮೊದಲೇ ಗೊತ್ತಿದ್ದರೆ ಮುಜುಗರ ಕಮ್ಮಿ, ಅಲ್ವಾ?

1. ಮೊದಲು ಯಾವ ಮನೆ ಅಂತ ಕೇಳಿ

‘ಕರಾಟೆ ಕ್ಲಾಸ್’ ಅಂತ ಬೋರ್ಡ್ ನೋಡಿದ ಮಾತ್ರಕ್ಕೆ ಏನೂ ತಿಳಿಯುವುದಿಲ್ಲ. ಶೋಟೊಕಾನ್, ಗೋಜು-ರ್ಯು, ಶಿತೊ-ರ್ಯು, ವಾಡೊ-ರ್ಯು, ಕ್ಯೊಕುಶಿನ್ ಹೀಗೆ ಮನೆಗಳು, ಅಂದರೆ ಶೈಲಿಗಳು, ಹಲವು. ಒಂದೊಂದರ ಕಟಾ (ಗೊತ್ತಾದ ವರಸೆಗಳ ಸರಣಿ) ಬೇರೆ, ಪರೀಕ್ಷೆ ಬೇರೆ, ಬೆಲ್ಟಿನ ಬಣ್ಣದ ಸಾಲೂ ಬೇರೆ. ಟೇಕ್ವಾಂಡೊದಲ್ಲಿ ಮುಖ್ಯವಾಗಿ ಎರಡು ದಾರಿ. ಒಲಿಂಪಿಕ್ಸ್‌ನಲ್ಲಿ ನೋಡುವುದು ವರ್ಲ್ಡ್ ಟೇಕ್ವಾಂಡೊ ನಿಯಮದ್ದು, ಅದರ ದಾನ್ (ಕಪ್ಪು ಬೆಲ್ಟಿನ ದರ್ಜೆ) ಸರ್ಟಿಫಿಕೇಟು ಸೋಲ್‌ನ ಕುಕ್ಕಿವೊನ್ ಅನ್ನುವ ಕೇಂದ್ರ ಸಂಸ್ಥೆಯಿಂದ ಬರುತ್ತದೆ. ಇನ್ನೊಂದು ಜನರಲ್ ಚೊಯ್ ಹೊಂಗ್ ಹಿ 1966ರಲ್ಲಿ ಕಟ್ಟಿದ ಐಟಿಎಫ್, ಅಂದರೆ ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಶನ್. ಕುಕ್ಕಿವೊನ್ ದಾರಿಯಲ್ಲಿ ಆರಂಭಿಕರು ಕಲಿಯುವುದು ಎಂಟು ತೇಗುಕ್ ಪೂಮ್ಸೆ, ಕಟಾದಂಥವೇ ಸರಣಿಗಳು. ಐಟಿಎಫ್‌ನಲ್ಲಿ ಅವಕ್ಕೆ ತುಲ್ ಅನ್ನುತ್ತಾರೆ, ಒಟ್ಟು 24. ಒಂದರಲ್ಲಿ ಕಲಿತದ್ದು ಇನ್ನೊಂದರ ಪರೀಕ್ಷೆಗೆ ನೇರವಾಗಿ ಒದಗುವುದಿಲ್ಲ.

ಇಷ್ಟು ಕವಲು ಯಾಕೆ ಅಂದರೆ ಅದರ ಹಿಂದೆ ಚರಿತ್ರೆ ಇದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆ ಕಾಲದಲ್ಲಿ ಜಪಾನಿಗೆ ಓದಲು ಹೋದ ಕೊರಿಯಾದ ಹುಡುಗರಲ್ಲಿ ಕೆಲವರು ಕರಾಟೆ ಕಲಿತು ವಾಪಸಾದರು. ಲೀ ವೊನ್ ಗುಕ್ 1944ರಲ್ಲಿ ಚುಂಗ್ ದೊ ಕ್ವಾನ್ ತೆರೆದರು (ಕ್ವಾನ್ ಅಂದರೆ ಮನೆ). ಸ್ವಾತಂತ್ರ್ಯ ಬಂದ ಮೇಲೆ ಮೂ ದುಕ್ ಕ್ವಾನ್, ಚಾಂಗ್ ಮೂ ಕ್ವಾನ್, ಜಿ ದೊ ಕ್ವಾನ್ ಅಂತ ಒಂದರ ಹಿಂದೆ ಒಂದು ಮನೆ ಎದ್ದವು. ‘ಟೇಕ್ವಾಂಡೊ’ ಅನ್ನುವ ಹೆಸರು ಇಟ್ಟದ್ದು 1955ರಲ್ಲಿ. ಎಲ್ಲವನ್ನೂ ಒಂದೇ ಸೂರಿನಡಿ ತರಲು ಆಮೇಲೂ ವರ್ಷಗಳೇ ಹಿಡಿದವು. ಕುಕ್ಕಿವೊನ್ ಕಟ್ಟಡದ ಬಾಗಿಲು ತೆರೆದದ್ದು 1972ರಲ್ಲಿ. ಹಾಗಾಗಿ ಟೇಕ್ವಾಂಡೊದ ಹಳೆಯ ತಲೆಗಳು ಇಂದಿಗೂ ತಮ್ಮ ಕ್ವಾನ್ ಹೆಸರು ಹೇಳಿಕೊಳ್ಳುತ್ತಾರೆ. ಮೂ ದುಕ್ ಕ್ವಾನ್ ಮನೆಯವರಲ್ಲಿ ಹಲವರು ಕಪ್ಪು ಬೆಲ್ಟಿನ ಬದಲು ಕಡುನೀಲಿ ಬೆಲ್ಟು ಕಟ್ಟುತ್ತಾರೆ. ಅದನ್ನು ನೋಡಿ ‘ಇವರು ಇನ್ನೂ ಜೂನಿಯರ್’ ಅಂದುಕೊಂಡರೆ ಕೆಟ್ಟಿರಿ.

ಎರಡು ದೇಶಗಳ ಗೆರೆಯೂ ನಾವು ಅಂದುಕೊಂಡಷ್ಟು ದಪ್ಪವಲ್ಲ. ಜಪಾನಿನ ಅತಿ ಕಠಿಣ ಕರಾಟೆ ಅಂತ ಹೆಸರಾದ ಕ್ಯೊಕುಶಿನ್ ಕಟ್ಟಿದ ಮಾಸುತಾತ್ಸು ಒಯಾಮಾ ಹುಟ್ಟಿದ್ದು ಕೊರಿಯಾದಲ್ಲಿ, ಚೊಯ್ ಮನೆತನದಲ್ಲಿ. 1994ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥೆ ಒಡೆದು ಹಲವು ಭಾಗವಾಯಿತು. ಈಗ ‘ನಾನು ಕ್ಯೊಕುಶಿನ್’ ಅಂದರೆ ಮುಂದಿನ ಪ್ರಶ್ನೆ ‘ಯಾವ ಬಣ?’ ಅಂತಲೇ.

ಕ್ಲಾಸಿಗೆ ಫೋನ್ ಮಾಡಿದಾಗ ಮೂರೇ ಪ್ರಶ್ನೆ ಕೇಳಿ. ನಿಮ್ಮದು ಯಾವ ಶೈಲಿ? ನಿಮ್ಮ ಗುರು ಯಾರು? ಬೆಲ್ಟ್ ಪರೀಕ್ಷೆಯ ಸರ್ಟಿಫಿಕೇಟಿನ ಮೇಲೆ ಯಾರ ಮುದ್ರೆ ಇರುತ್ತದೆ? ಸರಿಯಾದ ಕಡೆ ಇದಕ್ಕೆ ಖುಷಿಯಿಂದ ಉತ್ತರ ಬರುತ್ತದೆ. ತಡವರಿಸಿದರೆ, ಅಥವಾ ‘ಅದೆಲ್ಲ ನಿಮಗ್ಯಾಕೆ’ ಅಂದರೆ ಬೇರೆ ಕಡೆ ನೋಡಿ.

2. ಒಂದು ದಿನ ಸುಮ್ನೆ ಕೂತು ನೋಡಿ

ಮೊದಲೇ ಹೇಳಿ ಹೋಗಿ. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟು, ಅದರ ಮೂತಿ ಹೊರಗೆ ತಿರುಗುವಂತೆ ಜೋಡಿಸಿ. ಜಪಾನಿನ ಡೋಜೊಗಳಲ್ಲಿ ಈ ಒಂದು ಸಾಲು ಚಪ್ಪಲಿ ನೋಡಿಯೇ ಒಳಗಿನ ಶಿಸ್ತನ್ನು ಅಳೆಯುವವರಿದ್ದಾರೆ. ಒಳಗೆ ಫೋನ್ ಎತ್ತಬೇಡಿ, ಕಾಲು ಚಾಚಿ ಗೋಡೆಗೆ ಒರಗಬೇಡಿ.

ನೋಡಬೇಕಾದ್ದು ಗುರುವಿನ ಹೈ ಕಿಕ್ ಅಲ್ಲ. ಕಪ್ಪು ಬೆಲ್ಟಿನವರು ಹೊಸಬರ ಜೊತೆ ಅಭ್ಯಾಸಕ್ಕೆ ನಿಂತಾಗ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದನ್ನು ನೋಡಿ. ಜೂಡೊದಲ್ಲಿ ‘ಸೋತೆ’ ಅಂತ ಕೈತಟ್ಟಿದ ಕ್ಷಣ ಬಿಡುತ್ತಾರಾ? ಚಿಕ್ಕ ಮಕ್ಕಳ ಕಾದಾಟಕ್ಕೆ ತಲೆಗೆ, ಎದೆಗೆ ರಕ್ಷಣೆ ಇದೆಯಾ? ಕ್ಲಾಸ್ ಮುಗಿದ ಮೇಲೆ ನೆಲ ಗುಡಿಸುವವರು ಯಾರು? ಒಳ್ಳೆಯ ಜಪಾನಿ ಡೋಜೊದಲ್ಲಿ ಹಿರಿಯರೂ ಬಟ್ಟೆ ಹಿಡಿದು ನೆಲ ಒರೆಸಲು ಬಗ್ಗುತ್ತಾರೆ. ಬರೀ ಬಿಳಿ ಬೆಲ್ಟಿನವರು ಗುಡಿಸುತ್ತಾ, ಉಳಿದವರು ಹರಟೆ ಹೊಡೆಯುತ್ತಾ ನಿಂತಿದ್ದರೆ ಆ ಜಾಗ ನನಗಂತೂ ಬೇಡ.

3. ಬಟ್ಟೆ ಅವಸರದಲ್ಲಿ ಕೊಳ್ಳಬೇಡಿ

ಜೂಡೊದ ಗಿ (ಅಭ್ಯಾಸದ ಬಟ್ಟೆ) ದಪ್ಪ, ಎಳೆದಾಟ ತಡೆಯಬೇಕು. ಕರಾಟೆಯದು ತೆಳು. ಟೇಕ್ವಾಂಡೊದ ದೊಬೋಕ್ ವರ್ಲ್ಡ್ ಟೇಕ್ವಾಂಡೊ ಕಡೆ ತಲೆಯ ಮೇಲಿಂದ ಹಾಕುವ ವಿ-ಕುತ್ತಿಗೆಯದು, ಐಟಿಎಫ್ ಕಡೆ ಮುಂದೆ ತೆರೆಯುವಂಥದ್ದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿಕೊಂಡರೆ ಆ ಮನೆಯ ಬಟ್ಟೆ ಅದಾಗಿರದೆ ಇರಬಹುದು. ಮೊದಲ ಕೆಲವು ಕ್ಲಾಸಿಗೆ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್ ಸಾಕು.

ಮುಂದೆ ತೆರೆಯುವ ಗಿ ಆದರೆ ಎಡಗಡೆಯ ಅಂಚು ಬಲಗಡೆಯದರ ಮೇಲೆ ಬರಬೇಕು. ಗಂಡಸರಿಗೂ ಹೆಂಗಸರಿಗೂ ಇದೇ ನಿಯಮ. ಜಪಾನಿನಲ್ಲಿ ಬಲಗಡೆಯದನ್ನು ಮೇಲೆ ಹಾಕುವುದು ಹೆಣಕ್ಕೆ ಬಟ್ಟೆ ತೊಡಿಸುವಾಗ ಮಾತ್ರ. ಯಾರಾದರೂ ಗಾಬರಿಯಿಂದ ಓಡಿಬಂದು ನಿಮ್ಮ ಎದೆಯ ಮೇಲಿನ ಬಟ್ಟೆ ಸರಿಮಾಡಿದರೆ ಕಾರಣ ಇದು.

ಬೆಲ್ಟು ಕಟ್ಟುವುದು ಹೀಗೆ. ನಡುಭಾಗವನ್ನು ಹೊಕ್ಕುಳಿನ ಕೆಳಗೆ ಇಡಿ. ಎರಡು ತುದಿಯನ್ನೂ ಬೆನ್ನ ಹಿಂದೆ ದಾಟಿಸಿ ಮುಂದಕ್ಕೆ ತನ್ನಿ, ಉದ್ದ ಸಮ ಇದೆಯಾ ನೋಡಿಕೊಳ್ಳಿ. ಎಡಗಡೆಯ ತುದಿಯನ್ನು ಮೇಲಿಟ್ಟು, ಅದನ್ನು ಎರಡೂ ಸುತ್ತಿನ ಅಡಿಯಿಂದ ತೂರಿಸಿ ಮೇಲಕ್ಕೆ ಎಳೆಯಿರಿ. ಆಮೇಲೆ ಮೇಲಿನ ತುದಿಯನ್ನು ಕೆಳಗಿನದರ ಮೇಲೆ ಮಡಚಿ ಗಂಟು ಹಾಕಿ. ಎರಡು ತುದಿ ಅಡ್ಡಡ್ಡಲಾಗಿ, ಒಂದು ಎಡಕ್ಕೆ ಒಂದು ಬಲಕ್ಕೆ ಚಾಚಿಕೊಂಡರೆ ಗಂಟು ಸರಿ. ಒಂದು ಮೇಲಕ್ಕೆ ಒಂದು ಕೆಳಕ್ಕೆ ನೋಡುತ್ತಿದ್ದರೆ ಗಂಟು ತಪ್ಪಿದೆ, ಹತ್ತು ನಿಮಿಷದಲ್ಲಿ ಬಿಚ್ಚಿಹೋಗುತ್ತದೆ. ಕ್ಲಾಸಿನ ನಡುವೆ ಬಿಚ್ಚಿದರೆ ಗುರುವಿನ ಕಡೆಗೋ, ಕೊರಿಯಾದ ದೋಜಾಂಗ್‌ನಲ್ಲಿ ಗೋಡೆಯ ಬಾವುಟದ ಕಡೆಗೋ ಮುಖ ಮಾಡಿ ಸರಿಮಾಡಿಕೊಳ್ಳಬೇಡಿ. ಹಿಂದಕ್ಕೆ ತಿರುಗಿ ಕಟ್ಟಿಕೊಳ್ಳಿ.

ಉಗುರು ಕತ್ತರಿಸಿ. ಉಂಗುರ, ಬಳೆ, ವಾಚು, ಕಿವಿಯೋಲೆ ತೆಗೆದಿಡಿ. ತಾಳಿ ತೆಗೆಯಲು ಇಷ್ಟವಿಲ್ಲದವರು ಗುರುವಿಗೆ ಮೊದಲೇ ಹೇಳಿ, ಒಳಗೆ ಟೇಪ್ ಹಾಕಿ ಅಂಟಿಸಿಕೊಳ್ಳುವುದು ಒಂದು ದಾರಿ. ಆದರೆ ಕುತ್ತಿಗೆ ಪಟ್ಟಿ ಹಿಡಿದು ಎಳೆಯುವ ಜೂಡೊದಲ್ಲಿ ಯಾವ ಸರವೂ ಬೇಡ.

4. ತಲೆಬಾಗುವುದು

ಒಳಗೆ ಬರುವಾಗ ಒಮ್ಮೆ, ಮ್ಯಾಟ್ ಹತ್ತುವಾಗ ಒಮ್ಮೆ, ಜೊತೆಗಾರರ ಜೊತೆ ಶುರುಮಾಡುವಾಗ ಒಮ್ಮೆ, ಮುಗಿಸಿದಾಗ ಒಮ್ಮೆ. ಮೊದಮೊದಲು ಇದು ಜಾಸ್ತಿ ಆಯಿತು ಅನ್ನಿಸುತ್ತದೆ. ನಮ್ಮ ಗರಡಿ ಮನೆಯಲ್ಲಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳದೆ ಅಖಾಡಕ್ಕೆ ಇಳಿಯುವುದಿಲ್ಲವಲ್ಲ, ಅದನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಜಪಾನಿ ಕ್ಲಾಸ್ ಶುರುವಾಗುವಾಗ ಎಲ್ಲರೂ ಸಾಲಾಗಿ ಮಂಡಿಯೂರಿ ಕೂರುತ್ತಾರೆ. ಅದಕ್ಕೆ ಸೇಜಾ ಅನ್ನುತ್ತಾರೆ. ಕೂರುವಾಗ ಮೊದಲು ಎಡ ಮಂಡಿ, ಏಳುವಾಗ ಮೊದಲು ಬಲಗಾಲು. ಹಿರಿಯ ವಿದ್ಯಾರ್ಥಿ ‘ಮೊಕುಸೋ’ ಅಂದರೆ ಕಣ್ಣು ಮುಚ್ಚಿ ಉಸಿರು ನಿಧಾನ ಮಾಡುವುದು. ಆಮೇಲೆ ‘ಶೋಮೆನ್ ನಿ ರೇ’ ಅಂದಾಗ ಮುಂಭಾಗಕ್ಕೆ, ‘ಸೆನ್ಸೇ ನಿ ರೇ’ ಅಂದಾಗ ಗುರುವಿಗೆ ಬಾಗುವುದು. ಶುರುವಿನಲ್ಲಿ ‘ಒನೆಗಾಯ್ ಶಿಮಾಸ್’ (ದಯವಿಟ್ಟು ಕಲಿಸಿ), ಕೊನೆಯಲ್ಲಿ ‘ಅರಿಗಾತೊ ಗೊಜಾಯ್ಮಾಶಿತಾ’ (ಧನ್ಯವಾದ) ಅನ್ನುವುದು. ಕೊರಿಯಾದ ದೋಜಾಂಗ್‌ನಲ್ಲಿ ನಿಂತೇ ಬಾಗುವುದು ಹೆಚ್ಚು. ‘ಚರ್ಯೊತ್’ ಅಂದರೆ ನೆಟ್ಟಗೆ ನಿಲ್ಲಿ, ‘ಗ್ಯೊಂಗ್‌ನ್ಯೆ’ ಅಂದರೆ ಬಾಗಿ. ಮೊದಲು ಬಾವುಟಕ್ಕೆ, ಆಮೇಲೆ ಗುರುವಿಗೆ.

ಮಂಡಿ ನೋವಿದ್ದರೆ ಹಲ್ಲು ಕಚ್ಚಿಕೊಂಡು ಸೇಜಾ ಕೂರಬೇಡಿ. ಹೇಳಿ ಚಕ್ಕಂಬಕ್ಕಳ ಹಾಕಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲವು ಡೋಜೊಗಳಲ್ಲಿ ಮುಂದಿನ ಗೋಡೆಯ ಮೇಲೆ ಸಣ್ಣ ಶಿಂತೊ ಗೂಡು ಇರುತ್ತದೆ. ಅದಕ್ಕೆ ಬಾಗುವುದು ನಿಮ್ಮ ನಂಬಿಕೆಗೆ ಒಗ್ಗದಿದ್ದರೆ ಅದನ್ನೂ ಗುರುವಿನ ಹತ್ತಿರ ಮೊದಲೇ ಮಾತಾಡಿ.

‘ಓಸ್!’ ಅಂತ ಎಲ್ಲ ಕಡೆ ಕೂಗಬೇಡಿ. ನಮಸ್ಕಾರಕ್ಕೂ ‘ಸರಿ’ ಅನ್ನುವುದಕ್ಕೂ ಬಳಸುವ ಕೂಗು ಅದು. ಕ್ಯೊಕುಶಿನ್‌ನಲ್ಲಿ ಮಾತಿಗೊಮ್ಮೆ ಓಸ್. ಐಕಿಡೊ, ಕೆಂಡೊ (ಬಿದಿರಿನ ಕತ್ತಿಯ ಕಾದಾಟ) ಕಡೆ ಅದೇ ಕೂಗು ವಿಚಿತ್ರವಾಗಿ ಕೇಳಿಸುತ್ತದೆ. ಕೆಂಡೊದಲ್ಲಿ ಇನ್ನೊಂದು ಎಚ್ಚರ: ನೆಲದ ಮೇಲಿಟ್ಟ ಬಿದಿರಿನ ಕತ್ತಿಯನ್ನು ದಾಟಬೇಡಿ, ಸುತ್ತಿಕೊಂಡು ಹೋಗಿ.

5. ಎಲ್ಲಿ ನಿಲ್ಲಬೇಕು, ಏನೆಂದು ಕರೆಯಬೇಕು

ಗುರುವಿಗೆ ಮುಖ ಮಾಡಿ ನಿಂತಾಗ ಸಾಮಾನ್ಯವಾಗಿ ಬಲತುದಿಯಲ್ಲಿ ಅತಿ ಹಿರಿಯರು, ಎಡಕ್ಕೆ ಬಂದಂತೆ ಕಿರಿಯರು. ಹೊಸಬರು ಹಿಂದಿನ ಸಾಲಿನ ಎಡತುದಿಗೆ ಹೋಗಿ ನಿಂತರೆ ತಪ್ಪಾಗುವುದಿಲ್ಲ. ಜಾಗ ಬೇರೆ ಇದ್ದರೆ ಯಾರೋ ತೋಳು ಹಿಡಿದು ಸರಿಸುತ್ತಾರೆ.

ಜಪಾನಿ ಕಲೆಗಳಲ್ಲಿ ಕಲಿಸುವವರು ಸೆನ್ಸೇ. ನಿಮಗಿಂತ ಮೊದಲು ಸೇರಿದವರು ಸೆನ್‌ಪೈ, ಆಮೇಲೆ ಬಂದವರು ಕೊಹೈ. ಇಲ್ಲಿ ಲೆಕ್ಕ ವಯಸ್ಸಿನದ್ದಲ್ಲ, ಸೇರಿದ ದಿನದ್ದು. ಹಾಗಾಗಿ ಇಪ್ಪತ್ತರ ಹುಡುಗಿ ನಲವತ್ತರ ನಿಮಗೆ ಸೆನ್‌ಪೈ ಆಗಬಹುದು. ಕೊಹೈ ಅಂತ ಯಾರನ್ನೂ ಕೂಗಿ ಕರೆಯುವುದಿಲ್ಲ, ಹೆಸರು ಹೇಳಿದರಾಯಿತು. ಟೇಕ್ವಾಂಡೊದಲ್ಲಿ ಕಲಿಸುವವರು ಸಾಬೊಮ್‌ನಿಮ್, ದೋಜಾಂಗ್ ನಡೆಸುವ ಯಜಮಾನರು ಗ್ವಾನ್‌ಜಾಂಗ್‌ನಿಮ್. ಕೊರಿಯಾದಲ್ಲಿ ಸನ್‌ಬೆ, ಹುಬೆ ಅನ್ನುವ ಹಿರಿಯ-ಕಿರಿಯ ಲೆಕ್ಕ ಇದ್ದರೂ ವಯಸ್ಸಿನ ತೂಕ ಜಾಸ್ತಿ. ನಿಮಗಿಂತ ಚಿಕ್ಕ ವಯಸ್ಸಿನ ಕಪ್ಪು ಬೆಲ್ಟಿನವರು ನಿಮಗೆ ಕಲಿಸುತ್ತಲೇ ಬಹುವಚನದಲ್ಲಿ ಮಾತಾಡುತ್ತಾರೆ, ನೀವೂ ಹಾಗೇ ಮಾತಾಡಬೇಕು. ಏಕವಚನಕ್ಕೆ ಇಳಿಯುವುದನ್ನು ಹಿರಿಯರಾದವರೇ ಮೊದಲು ಸೂಚಿಸಲಿ.

ಬೆಂಗಳೂರಿನ ಕ್ಲಾಸುಗಳಲ್ಲಿ ‘ಸರ್’, ‘ಮಾಸ್ಟರ್’ ನಡೆಯುತ್ತದೆ. ‘ಅಣ್ಣ’, ‘ಅಂಕಲ್’ ಮ್ಯಾಟ್‌ನಿಂದ ಹೊರಗೆ ಇಟ್ಟುಕೊಳ್ಳಿ.

6. ಬೆಲ್ಟನ್ನು ಓದುವುದು ಹೇಗೆ

ಇದು ಸ್ವಲ್ಪ ಉದ್ದ, ಯಾಕೆಂದರೆ ತಪ್ಪು ಕಲ್ಪನೆ ಜಾಸ್ತಿ ಇರುವುದು ಇಲ್ಲೇ.

ಹಳೆಯ ಜಪಾನಿ ಕತ್ತಿ, ಈಟಿಯ ಮನೆಗಳಲ್ಲಿ ಬೆಲ್ಟಿನ ದರ್ಜೆ ಇರಲಿಲ್ಲ. ಗುರು ಸುರುಳಿ ಕೊಡುತ್ತಿದ್ದರು. ಮೊದಲು ಕಿರಿಗಾಮಿ, ಆಮೇಲೆ ಮೊಕುರೊಕು, ಎಲ್ಲ ಕಲಿತಾದ ಮೇಲೆ ಮೆಂಕ್ಯೊ ಕಾಯ್ದೆನ್. ಚಿಬಾ ಪ್ರಾಂತದ ಕಟೊರಿ ಶಿಂತೊ-ರ್ಯು ಮನೆಯಲ್ಲಿ ಸೇರುವವರು ಬೆರಳಿನ ರಕ್ತದ ಗುರುತು ಹಾಕಿ ಪ್ರಮಾಣ ಮಾಡುವ ಪದ್ಧತಿ ಇಂದಿಗೂ ಇದೆ.

ದಾನ್ ಲೆಕ್ಕ ಬಂದದ್ದು ಬೋರ್ಡ್ ಆಟದಿಂದ. ಗೋ ಆಟಗಾರರನ್ನು ದಾನ್ ಲೆಕ್ಕದಲ್ಲಿ ವಿಂಗಡಿಸುವುದು 17ನೇ ಶತಮಾನದಿಂದ ಇತ್ತು. 1882ರಲ್ಲಿ ಟೋಕಿಯೊದ ಒಂದು ದೇವಾಲಯದಲ್ಲಿ ಕೋಡೋಕಾನ್ ಅನ್ನುವ ಜೂಡೊ ಶಾಲೆ ಶುರುಮಾಡಿದ ಜಿಗೊರೊ ಕಾನೊ ಅದನ್ನು ಜೂಡೊಗೆ ತಂದರು. 1883ರಲ್ಲಿ ಶಿರೊ ಸೈಗೊ ಮತ್ತು ತ್ಸುನೆಜಿರೊ ತೊಮಿತಾ ಮೊದಲ ದಾನ್ ಪಡೆದರು. ಆಗ ಅವರ ಸೊಂಟದಲ್ಲಿ ಕಪ್ಪು ಬೆಲ್ಟು ಇರಲಿಲ್ಲ, ಅದು ಬಂದದ್ದು ಕೆಲವು ವರ್ಷ ತಡವಾಗಿ. ಒಕಿನಾವಾದ ಗಿಚಿನ್ ಫುನಾಕೊಶಿ 1922ರಲ್ಲಿ ಟೋಕಿಯೊಗೆ ಬಂದು ಕರಾಟೆ ತೋರಿಸಿದರು, 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಸಲ ದಾನ್ ಕೊಟ್ಟರು. ಅಲ್ಲಿಂದ ಅದೇ ಲೆಕ್ಕ ಕೊರಿಯಾಕ್ಕೂ ಹೋಯಿತು. ಬಿಳಿ ಬೆಲ್ಟು ಬೆವರು-ಕೊಳೆ ಹಿಡಿದು ಹಿಡಿದು ಕಪ್ಪಾಯಿತು ಅನ್ನುವ ಕಥೆ ಚೆನ್ನಾಗಿದೆ, ಆದರೆ ಅದು ಬರೀ ಕಥೆ. ಬೆಲ್ಟು ಧಾರಾಳವಾಗಿ ಒಗೆಯಿರಿ.

ಹಳದಿ, ಹಸಿರು, ನೀಲಿ ಬಣ್ಣಗಳು ಜೂಡೊ ಯುರೋಪಿಗೆ ಹೋದ ಮೇಲೆ ಬೆಳೆದವು. 1930ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಕಲಿಸಿದ ಮಿಕಿನೊಸುಕೆ ಕವಾಯಿಶಿ ಅವನ್ನು ಹರಡಿದವರಲ್ಲಿ ಮುಖ್ಯರು. ಜಪಾನಿನ ಹಲವು ಜೂಡೊ ಡೋಜೊಗಳಲ್ಲಿ ದೊಡ್ಡವರಿಗೆ ಈಗಲೂ ಬಿಳಿ, ಕಂದು, ಕಪ್ಪು ಅಷ್ಟೇ. ಕಪ್ಪಿನ ಆಚೆಗೂ ಬಣ್ಣ ಇದೆ: ಜೂಡೊದಲ್ಲಿ 6ರಿಂದ 8ನೇ ದಾನ್‌ನವರು ಕೆಂಪು-ಬಿಳಿ ಪಟ್ಟೆಯದು, 9 ಮತ್ತು 10ನೇ ದಾನ್‌ನವರು ಪೂರ್ತಿ ಕೆಂಪು ಕಟ್ಟಬಹುದು. ಕೆಂಪು ಬೆಲ್ಟಿನ ಅಜ್ಜ ಕಂಡರೆ ‘ಟೇಕ್ವಾಂಡೊದಲ್ಲಿ ಕಪ್ಪಿನ ಹಿಂದಿನ ಮೆಟ್ಟಿಲು’ ಅಂದುಕೊಳ್ಳಬೇಡಿ.

ಕಪ್ಪಿಗೆ ಮುಂಚಿನ ಮೆಟ್ಟಿಲುಗಳನ್ನು ಜಪಾನಿಗರು ಕ್ಯೂ, ಕೊರಿಯನ್ನರು ಗುಪ್ ಅನ್ನುತ್ತಾರೆ. ಅದು ಇಳಿಯುವ ಲೆಕ್ಕ, 10ರಿಂದ 1ಕ್ಕೆ. ದಾನ್ ಏರುವ ಲೆಕ್ಕ. ಕುಕ್ಕಿವೊನ್‌ನಲ್ಲಿ 15 ತುಂಬದ ಮಕ್ಕಳಿಗೆ ದಾನ್ ಬದಲು ಪೂಮ್ ಕೊಡುತ್ತಾರೆ. ಅವರ ಬೆಲ್ಟು ಅರ್ಧ ಕೆಂಪು ಅರ್ಧ ಕಪ್ಪು, ಮುಂದೆ ಅದನ್ನು ದಾನ್‌ಗೆ ಬದಲಾಯಿಸಿಕೊಳ್ಳಬಹುದು.

ಕೆಂಡೊದಲ್ಲಂತೂ ದರ್ಜೆ ತೋರಿಸುವ ಬೆಲ್ಟೇ ಇಲ್ಲ. ಸೊಂಟದ ಮುಂದಿನ ಬಟ್ಟೆಯ ಮೇಲೆ ಹೆಸರು ಮತ್ತು ಡೋಜೊ ಮಾತ್ರ. ಯಾರು ಎಷ್ಟು ದಾನ್ ಅನ್ನುವುದು ಅವರು ಕೂತ ಜಾಗದಿಂದ ತಿಳಿಯಬೇಕು. ಆದರೆ ಪರೀಕ್ಷೆಯ ಬಿಗಿ ನೋಡಿ. 7ನೇ ದಾನ್ ಆದ ಮೇಲೆ 10 ವರ್ಷ ಕಾಯಬೇಕು, 46 ವಯಸ್ಸು ತುಂಬಿರಬೇಕು, ಆಗ 8ನೇ ದಾನ್ ಪರೀಕ್ಷೆಗೆ ಕೂರಬಹುದು. ನೂರು ಜನ ಕೂತರೆ ಒಬ್ಬರೋ ಇಬ್ಬರೋ ಪಾಸಾಗುವ ಪರೀಕ್ಷೆ ಅದು.

ಈಗ ಇದಕ್ಕೆ ಪಕ್ಕದಲ್ಲಿ ಕೊರಿಯಾವನ್ನು ಇಟ್ಟು ನೋಡಿ. ಅಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಹಳದಿ ವ್ಯಾನ್ ಬಂದು ದೋಜಾಂಗ್‌ಗೆ ಕರೆದೊಯ್ಯುತ್ತದೆ, ಪ್ರಾಥಮಿಕ ಶಾಲೆಯಲ್ಲೇ ಪೂಮ್ ಪಡೆದವರು ರಾಶಿ ರಾಶಿ. ಸೈನ್ಯಕ್ಕೆ ಹೋದ ಹುಡುಗರು ಅಲ್ಲೂ ಟೇಕ್ವಾಂಡೊ ಮಾಡುತ್ತಾರೆ. ಹಾಗಾಗಿ ‘ನನ್ನದು ಬ್ಲ್ಯಾಕ್ ಬೆಲ್ಟ್’ ಅಂದರೆ ಸೋಲ್‌ನಲ್ಲಿ ಯಾರೂ ಬೆರಗಾಗುವುದಿಲ್ಲ. ಅಲ್ಲಿ ಗೌರವ ಶುರುವಾಗುವುದು 4ನೇ ದಾನ್ ಆಸುಪಾಸಿನಲ್ಲಿ. 1ರಿಂದ 2ಕ್ಕೆ ಒಂದು ವರ್ಷ, 2ರಿಂದ 3ಕ್ಕೆ ಎರಡು, 3ರಿಂದ 4ಕ್ಕೆ ಮೂರು ವರ್ಷ ಕಾಯಬೇಕು. 8ರಿಂದ 9ಕ್ಕೆ ಒಂಬತ್ತು.

ದರ್ಜೆ ಕೊಡುವುದು ಮನುಷ್ಯರು ಅನ್ನುವುದಕ್ಕೆ ಕೆಯಿಕೊ ಫುಕುದಾ ಅವರ ಬದುಕು ನೋಡಿದರೆ ಸಾಕು. ಕಾನೊ ಅವರಿಂದಲೇ ನೇರವಾಗಿ ಕಲಿತವರು ಅವರು. ಹೆಂಗಸರಿಗೆ 5ನೇ ದಾನ್‌ಗಿಂತ ಮೇಲೆ ಕೊಡುವ ಪದ್ಧತಿ ಇಲ್ಲದ ಕಾರಣ ದಶಕಗಳ ಕಾಲ ಅಲ್ಲೇ ಉಳಿದರು. 1970ರ ದಶಕದಲ್ಲಿ 6ನೇ ದಾನ್ ಬಂತು, 2006ರಲ್ಲಿ ಕೋಡೋಕಾನ್ 9ನೇ ದಾನ್ ಕೊಟ್ಟಿತು. 2011ರಲ್ಲಿ, 98ನೇ ವಯಸ್ಸಿನಲ್ಲಿ, 10ನೇ ದಾನ್ ಕೊಟ್ಟದ್ದು ಅಮೆರಿಕದ ಜೂಡೊ ಸಂಸ್ಥೆ.

7. ಪರೀಕ್ಷೆ, ದುಡ್ಡು, ಸರ್ಟಿಫಿಕೇಟು

‘ನನ್ನ ಪರೀಕ್ಷೆ ಯಾವಾಗ?’ ಅಂತ ಜಪಾನಿ ಡೋಜೊದಲ್ಲಿ ಕೇಳುವ ವಾಡಿಕೆ ಇಲ್ಲ. ಗುರುವೇ ಹೇಳುತ್ತಾರೆ. ದೋಜಾಂಗ್‌ಗಳಲ್ಲಿ ಪರೀಕ್ಷೆಗೆ ದಿನಾಂಕ ಗೊತ್ತಾಗಿರುತ್ತದೆ, ಕೇಳಿದರೆ ತಪ್ಪಿಲ್ಲ. ಪರೀಕ್ಷೆಯ ದಿನ ಬಟ್ಟೆ ಇಸ್ತ್ರಿಯಾಗಿರಲಿ. ಹೆಸರು ಕರೆದಾಗ ಗಟ್ಟಿಯಾಗಿ ಉತ್ತರಿಸಿ. ಕಟಾದ ನಡುವೆ ಮರೆತರೆ ನಿಂತು ನಗಬೇಡಿ, ಮುಂದಿನ ಹೆಜ್ಜೆ ಹಾಕಿ. ಪರೀಕ್ಷಕರು ನೋಡುವುದು ಸಾವರಿಸಿಕೊಂಡಿರಾ ಅನ್ನುವುದನ್ನು.

ಫೀಸಿನ ವಿಷಯ ನೇರವಾಗಿ ಕೇಳಿ. ಸೇರುವ ದಿನವೇ ಬಿಳಿಯಿಂದ ಕಪ್ಪಿನವರೆಗೆ ಪ್ರತಿ ಪರೀಕ್ಷೆಗೂ ಎಷ್ಟು, ಕಪ್ಪು ಬೆಲ್ಟಿನ ನೋಂದಣಿಗೆ ಎಷ್ಟು ಅಂತ ಬರೆಸಿಕೊಳ್ಳಿ. ‘ಇಷ್ಟು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ’ ಅಂದರೆ ಅವರು ಮಾರುತ್ತಿರುವುದು ಬಟ್ಟೆಯ ಪಟ್ಟಿ ಅಷ್ಟೇ. ಕುಕ್ಕಿವೊನ್ ದಾನ್ ಆದರೆ ಸರ್ಟಿಫಿಕೇಟಿಗೆ ನಂಬರ್ ಇರುತ್ತದೆ, ಅವರ ವೆಬ್‌ಸೈಟಿನಲ್ಲೇ ಪರಿಶೀಲಿಸಬಹುದು. ಕರಾಟೆಯಲ್ಲಿ ಹಾಗೆ ಒಂದೇ ಕಡೆ ಎಲ್ಲರ ದಾಖಲೆ ಇಲ್ಲ. ಅಲ್ಲಿ ಆ ಶೈಲಿಯ ಮುಖ್ಯ ಕಚೇರಿಗೆ ಮೇಲ್ ಹಾಕಿ ಕೇಳುವುದೇ ದಾರಿ. ಮಕ್ಕಳ ಸರ್ಟಿಫಿಕೇಟುಗಳಲ್ಲಿ ಹೆಸರು, ಹುಟ್ಟಿದ ದಿನ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯಾ ಅಂತ ಆ ದಿನವೇ ನೋಡಿ.

ಜಪಾನಿನಲ್ಲಿದ್ದರೆ ಹಳೆಯ ಕಾಲದ ಗುರುಗಳಿಗೆ ತಿಂಗಳ ಫೀಸನ್ನು ಲಕೋಟೆಯಲ್ಲಿ ಹಾಕಿ, ಮುದುರಿರದ ನೋಟು ಆರಿಸಿ, ಎರಡೂ ಕೈಯಿಂದ ಕೊಡಿ.

8. ಕ್ಲಾಸ್ ಮುಗಿದ ಮೇಲಿನ ಊಟ

ಕೊರಿಯಾದಲ್ಲಿ ಇದಕ್ಕೆ ಹ್ವೆಶಿಕ್ ಅನ್ನುತ್ತಾರೆ, ಜಪಾನಿನಲ್ಲಿ ನೊಮಿಕಾಯ್. ಕರೆದರೆ ಒಂದೆರಡು ಸಲವಾದರೂ ಹೋಗಿ. ಮ್ಯಾಟ್ ಮೇಲೆ ಬಾಯಿ ಬಿಡದ ಹಿರಿಯರು ಮಾತಾಡುವುದು ಇಲ್ಲೇ. ಯಾರ ಗುರು ಯಾರು, ಯಾವ ಮನೆ ಯಾಕೆ ಒಡೆಯಿತು ಅನ್ನುವ ಕಥೆಗಳೆಲ್ಲ ಈ ಮೇಜಿನ ಮೇಲೇ ಬರುತ್ತವೆ.

ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳಬೇಡಿ, ಪಕ್ಕದವರಿಗೆ ಸುರಿಯಿರಿ. ಕೊರಿಯಾದಲ್ಲಿ ಹಿರಿಯರಿಗೆ ಸುರಿಯುವಾಗಲೂ ಅವರಿಂದ ತೆಗೆದುಕೊಳ್ಳುವಾಗಲೂ ಎರಡು ಕೈ ಬಳಸಿ. ಅವರ ಎದುರು ಕುಡಿಯುವಾಗ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿ. ಕುಡಿಯದವರು ನೀರೋ ಜ್ಯೂಸೋ ಹಾಕಿದ ಲೋಟ ಎತ್ತಿದರೆ ಸಾಕು. ಸಸ್ಯಾಹಾರಿಗಳು ಮಾತ್ರ ಹೋಟೆಲ್ ಗೊತ್ತು ಮಾಡುವ ಮೊದಲೇ ಹೇಳಬೇಕು. ಸೋಲ್‌ನಲ್ಲಿ ಮೇಜಿನ ನಡುವೆ ಹಂದಿಮಾಂಸ ಸುಡುತ್ತಿರುವಾಗ ಹೇಳಿದರೆ ಕರೆದವರಿಗೆ ಕಸಿವಿಸಿ. ಜಪಾನಿನಲ್ಲಿ ತರಕಾರಿಯದ್ದೇ ಸಾರಾದರೂ ಅದರಲ್ಲಿ ಮೀನಿನ ರಸ ಇರುವುದು ಸಾಮಾನ್ಯ. ‘ಮಾಂಸ ತಿನ್ನಲ್ಲ’ ಅಂದರೆ ಸಾಲದು, ‘ಮೀನೂ ಬೇಡ, ಮೀನಿನ ಸಾರೂ ಬೇಡ’ ಅಂತ ಬಿಡಿಸಿ ಹೇಳಿ.

9. ಊರು ಬದಲಾದಾಗ

ಕೆಲಸದ ಮೇಲೆ ಊರು ಬಿಡುವಾಗ ಸುಮ್ನೆ ಬರುವುದು ನಿಲ್ಲಿಸಬೇಡಿ. ಗುರುವಿಗೆ ಎದುರಿಗೇ ಹೇಳಿ, ಹೊಸ ಊರಿನಲ್ಲಿ ಯಾರ ಹತ್ತಿರ ಹೋಗಲಿ ಅಂತ ಕೇಳಿ. ಅವರ ಒಂದು ಫೋನ್ ಕರೆ ನಿಮ್ಮ ಸರ್ಟಿಫಿಕೇಟಿಗಿಂತ ಹೆಚ್ಚು ಬಾಗಿಲು ತೆರೆಸುತ್ತದೆ.

ಹೊಸ ಕಡೆ ಮೊದಲ ದಿನ ಯಾವ ಬೆಲ್ಟು ಕಟ್ಟಬೇಕು ಅನ್ನುವುದನ್ನು ಫೋನಿನಲ್ಲೇ ಕೇಳಿಬಿಡಿ. ಅದೇ ಸಂಸ್ಥೆಯ ಶಾಖೆಯಾದರೆ ನಿಮ್ಮದನ್ನೇ ಕಟ್ಟಿ ಅನ್ನುತ್ತಾರೆ. ಬೇರೆ ಶೈಲಿಯಾದರೆ ಬಿಳಿಯಿಂದ ಶುರುಮಾಡುವುದು ವಾಡಿಕೆ, ಕಪ್ಪು ಬೆಲ್ಟಿನವರಿಗೂ. ಬೇಜಾರು ಬೇಡ, ಕೈಕಾಲಿಗೆ ಗೊತ್ತಿರುವುದು ಎಲ್ಲೂ ಹೋಗುವುದಿಲ್ಲ, ಅವರೂ ಅದನ್ನು ಎರಡನೇ ವಾರದಲ್ಲೇ ಗುರುತಿಸುತ್ತಾರೆ. ‘ನಮ್ಮಲ್ಲಿ ಹೀಗೆ ಮಾಡ್ತಿದ್ವಿ’ ಅನ್ನುವ ಮಾತನ್ನು ಮೊದಲ ಕೆಲವು ತಿಂಗಳು ನುಂಗಿಕೊಳ್ಳಿ. ಬ್ಯಾಗಿನಲ್ಲಿ ನಿಮ್ಮ ಬೆಲ್ಟಿನ ಜೊತೆ ಒಂದು ಬಿಳಿ ಬೆಲ್ಟೂ ಇರಲಿ.